ಪಿಸ್ಟನ್ ತೊಳೆಯುವ ಹುಡುಗನ ಕೈಗೆ ಪೆಟ್ರೋಲ್ ಕೊಡಬೇಡಿರಿ

ವಾಚನಾಲಯದವರು ಈ ಸಲದ ಪುಸ್ತಕಕ್ಕೆ ಏನಾದರೂ ಬರೆದುಕೊಡು ಅಂದರು. ಪದ ಹಾಡುವವ ಪದದ ಬಗ್ಗೇನೇ ಬರೀತಾನ ಅಂತ ಅವರು ತಿಳಿದಿದ್ದರೋ ಏನೋ. ಪದ ಬೇಕಾದರೆ ರಾತ್ರಿ ಭಜನಿಗೆ ಬರ್ರಿ, ಹಾಡ್ತೀನಿ. ಇಲ್ಲಿ ನಾನು ಬರೆಯುವುದು ಪಿಸ್ಟನ್ ತೊಳೆಯುವ ಕೆಲಸದ ಬಗ್ಗೆ. ಇಂಜಿನ್ ಬಿಚ್ಚಿ ಮತ್ತೆ ಕಟ್ಟುವಾಗ ಹಳೇ ಪಿಸ್ಟನ್ನಿನ ಕಿಟ್ಟ ತೆಗೆಯುತ್ತಾರಲ್ಲ, ಅದು. ಇದೇನು ಬರೆಯುವ ವಿಷಯವೇ ಅಂತ ನಗುವವರು ನಗಲಿ. ಈ ಕೆಲಸದಾಗ ನಮ್ಮ ಭಾಗದ ಹುಡುಗರ ಕೈ ಸುಡಾಕತ್ತಾವ, ರೈತನ ರೊಕ್ಕಾನೂ ಸುಡಾಕತ್ತೈತಿ. ಅದಕ್ಕ ಬರೆದೀನಿ.

ಅಕ್ಕಲಕೋಟದಿಂದ ವಾಗದರಿ ದಾಟಿ ಆಳಂದಕ್ಕ ಹೋಗುವ ಹಾದಿ ಹಿಡೀರಿ, ಇಲ್ಲಾ ಮೈಂದರಗಿ, ದುಧನಿ ಕಡೆ ಹೋಗ್ರಿ. ಎಲ್ಲಾ ಕಡೆ ಗ್ಯಾರೇಜು ಅದಾವ. ಕಬ್ಬಿನ ಟ್ರ್ಯಾಕ್ಟರ್, ಮೋಟರ್ ಸೈಕಲ್, ಹಳ್ಳದಿಂದ ನೀರು ಎತ್ತುವ ಡಿಜೇಲ್ ಇಂಜಿನ್ ಎಲ್ಲಾ ಅಲ್ಲಿಗೇ ಬರ್ತಾವ. ಕರೆಂಟಿನ ಪಾಳಿ ಒಮ್ಮೆ ಹಗಲು ಒಮ್ಮೆ ರಾತ್ರಿ ಬರುವ ಈ ಭಾಗದಾಗ ಡಿಜೇಲ್ ಇಂಜಿನ್ ಇನ್ನೂ ಸತ್ತಿಲ್ಲ. ಮೇಸ್ತ್ರಿ ಹೆಡ್ ಬಿಚ್ಚುತ್ತಾನೆ, ಪಿಸ್ಟನ್ ಎಳೆದು ಒಂದು ಡಬ್ಬಿಯ ಮುಚ್ಚಳದಾಗ ಒಗೆಯುತ್ತಾನೆ. ಹದಿಮೂರು ಹದಿನಾಲ್ಕರ ಒಬ್ಬ ಹುಡುಗ ಬಾಟ್ಲಿಯಿಂದ ಪೆಟ್ರೋಲ್ ಸುರಿದುಕೊಂಡು ಬರಿಗೈಲೆ ತಿಕ್ಕುತ್ತಾನೆ. ನಾಕು ಮಾರು ದೂರದಾಗ ವೆಲ್ಡಿಂಗ್ ಕಿಡಿ ಹಾರತಿರತೈತಿ. ಇಂಜಿನ್ನಿನ ಮಾಲಕ ಬಾಜೂಕ ಕುಂತು ಬೀಡಿ ಸೇದುತ್ತಾ ಸಂಜಿತನಕ ಚಾಲೂ ಆಗಬೇಕು ಅಂತ ಅವಸರ ಮಾಡ್ತಿರತಾನ. ಇದನ್ನ ನೋಡದವರು ನಮ್ಮ ಊರಾಗ ಯಾರೂ ಇಲ್ಲ. ನೋಡಿ ನೋಡಿ ಇದು ಕಣ್ಣಿಗೆ ಕಾಣದಂಗ ಆಗೇತಿ.

ನನ್ನ ಮಾತು ಇಷ್ಟೇ. ಪಿಸ್ಟನ್ ತೊಳೆಯುವುದು ಇಂಜಿನ್ ಕೆಲಸದಾಗ ಕೀಳು ಕೆಲಸ ಅಂತ ತಿಳಿದದ್ದೇ ಎಲ್ಲಾ ಕೇಡಿಗೂ ಮೂಲ. ಕೀಳು ಅಂತ ತಿಳಿದಿದ್ದಕ್ಕೇ ಅದನ್ನು ಕೂಸಿನ ಕೈಗೆ ಕೊಡುತ್ತಾರೆ, ಕೂಸಿನ ಕೈಗೆ ಪೆಟ್ರೋಲೂ ಕೊಡುತ್ತಾರೆ.

ನಮ್ಮ ಕಡೆಯ ಹರದೇಶಿ ನಾಗೇಶಿ ಹಾಡಿಕೆಯಲ್ಲಿ ಒಂದು ಮೇಳ ಸವಾಲು ಹಾಕಿದರೆ ಇನ್ನೊಂದು ಮೇಳ ಜವಾಬು ಕೊಡಲೇಬೇಕು, ಇಲ್ಲದಿದ್ದರೆ ಸೋತಂತೆ. ಗ್ಯಾರೇಜಿನ ಕಟ್ಟೆಯ ಮೇಲೆ ನಾನು ಕೇಳಿದ ಸವಾಲುಗಳಿಗೆ ಇಲ್ಲಿ ಜವಾಬು ಕೊಡುತ್ತೇನೆ.

ಮೊದಲನೇ ಸವಾಲು: ಪೆಟ್ರೋಲಿನಷ್ಟು ಲಗೂ ಯಾವುದು ಕಿಟ್ಟ ತೆಗೀತೈತಿ?

ಜವಾಬು ಕೇಳ್ರಿ. ಪೆಟ್ರೋಲ್ ಜಿಡ್ಡು ಕರಗಿಸುತ್ತದೆ, ಗಟ್ಟಿ ಕಿಟ್ಟ ಕರಗಿಸುವುದಿಲ್ಲ. ರಿಂಗು ಕೂಡುವ ಕಚ್ಚಿನಲ್ಲಿ ಕಲ್ಲಿನಂತೆ ಕೂತ ಕಿಟ್ಟ ಪೆಟ್ರೋಲಿಗೆ ಜಗ್ಗುವುದಿಲ್ಲ. ಅದಕ್ಕೆ ರಾತ್ರಿಯೆಲ್ಲಾ ನೆನೆಯಬೇಕು. ಪೆಟ್ರೋಲ್ ನೆನೆಯುವ ತನಕ ಎಲ್ಲಿ ನಿಲ್ಲತೈತಿ? ಆವಿಯಾಗಿ ಹಾರಿ ಹೋಗುತ್ತದೆ. ಆ ಆವಿಯೇ ಯಮ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಪೆಟ್ರೋಲಿನ ಆವಿ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಆ ಆವಿ ಗಾಳಿಗಿಂತ ಮೂರು ನಾಕು ಪಟ್ಟು ಭಾರ. ಹೊಗೆಯಂತೆ ಮೇಲೆ ಹೋಗುವುದಿಲ್ಲ, ನೀರಿನಂತೆ ನೆಲ ಹಿಡಿದು ಹರಿಯುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ. ಹುಡುಗ ಇಲ್ಲಿ ತೊಳೆದರೆ ಬೆಂಕಿ ಅಲ್ಲಿ ಚಹಾದ ಒಲೆಯಿಂದ ಓಡಿ ಬರುತ್ತದೆ. ಒಲಿ ದೂರ ಐತಿ ಅನ್ನುವ ಧೈರ್ಯ ಇದಕ್ಕೇ ಸುಳ್ಳು.

ಹಂಗಾರ ಚಿಮಣಿ ಎಣ್ಣಿ, ಡಿಜೇಲ್ ಸುರಕ್ಷಿತ ಹೌದಲ್ಲೋ ಅಂತ ಕೇಳ್ತೀರಿ. ಪೆಟ್ರೋಲಿಗಿಂತ ಬಹಳ ಸುರಕ್ಷಿತ. ಆದರೆ ಅಲ್ಲೂ ಒಂದು ಮಾತು ಐತಿ. ನಮ್ಮ ದೇಶದ ಮಾನಕದ ಪ್ರಕಾರ ಇವು 35 ಡಿಗ್ರಿಗಿಂತ ಕೆಳಗೆ ಹೊತ್ತುವ ಆವಿ ಬಿಡಬಾರದು. ಚಳಿ ದೇಶದವರಿಗೆ 35 ದೊಡ್ಡ ಸಂಖ್ಯೆ. ಸೋಲಾಪುರದ ಮೇ ತಿಂಗಳ ಬಿಸಿಲಿಗೆ ಅದು ಯಾವ ಲೆಕ್ಕ? ನೆರಳಿನಾಗೇ 40 ದಾಟುತ್ತದೆ, ತಗಡಿನ ಚಪ್ಪರದ ಕೆಳಗೆ ಇನ್ನೂ ಹೆಚ್ಚು. ಅಂದರೆ ದೀಪಾವಳಿಗೆ ಸುರಕ್ಷಿತವಾದ ಎಣ್ಣೆ ಬಸವ ಜಯಂತಿಗೆ ಸುರಕ್ಷಿತ ಅಲ್ಲ. ಬ್ಯಾಸಗಿಯಲ್ಲಿ ಡಿಜೇಲಿನಲ್ಲಿ ತೊಳೆಯುವವರೂ ಬೆಳಗಿನ ತಂಪಿನಲ್ಲಿ, ಬೆಂಕಿ ಕಿಡಿ ದೂರ ಇಟ್ಟು ತೊಳೆಯಬೇಕು. ಇದನ್ನ ಯಾವ ಮೇಸ್ತ್ರಿ ಹುಡುಗನಿಗೆ ಹೇಳ್ಯಾನ?

ಎರಡನೇ ಸವಾಲು: ಪಾಲಿಶ್ ಕಾಗದ ಹಚ್ಚಿ ಬೆಳ್ಳಿಯಂಗ ಹೊಳಿಸಿದರೇ ಗಿರಾಯಕ ಒಪ್ಪತಾನ.

ಹೊಳಪು ಬೇರೆ, ಸ್ವಚ್ಛ ಬೇರೆ. ಪಾಲಿಶ್ ಕಾಗದದ ಮೇಲೆ ಇರುವುದು ಸಾಣೆಕಲ್ಲಿನ ಜಾತಿಯ ಹರಳಿನ ಪುಡಿ. ಪಿಸ್ಟನ್ ಅಲ್ಯುಮಿನಿಯಂ, ಮೆತ್ತನ್ನ ಲೋಹ. ತಿಕ್ಕಿದಾಗ ಆ ಪುಡಿ ಅದರ ಮೈಯೊಳಗೆ ನಾಟಿ ಕೂಡುತ್ತದೆ. ತೊಳೆದರೂ ಪೂರಾ ಹೋಗುವುದಿಲ್ಲ. ಮುಂದೆ ಆ ಪಿಸ್ಟನ್ನು ಲೈನರಿನಲ್ಲಿ ಓಡುವಾಗ ಅದೇ ಸಾಣೆಕಲ್ಲಾಗಿ ಲೈನರ್ ಅರೆಯುತ್ತದೆ. ನಮ್ಮ ಹಳೇ ನಿಧಾನ ಓಟದ ಇಂಜಿನ್ ನಿಮಿಷಕ್ಕೆ 650 ಸುತ್ತು ತಿರುಗುತ್ತದೆ. ಒಂದು ತಾಸಿಗೆ 39,000 ಸುತ್ತು. ಸುತ್ತಿಗೊಮ್ಮೆ ಪಿಸ್ಟನ್ ಮೇಲೊಮ್ಮೆ ಕೆಳಗೊಮ್ಮೆ, ಅಂದರೆ ತಾಸಿಗೆ 78,000 ಸಲ ತಿಕ್ಕಾಟ. ಕಬ್ಬಿಗೆ ಒಂದು ರಾತ್ರಿ ನೀರು ಹಾಯಿಸಿದರೆ ಎಷ್ಟಾಯಿತು, ನೀವೇ ಲೆಕ್ಕ ಹಾಕ್ರಿ. ಆರು ತಿಂಗಳಿಗೆ ಇಂಜಿನ್ ಮತ್ತೆ ನೀಲಿ ಹೊಗೆ ಬಿಟ್ಟರೆ ರೈತ ರಿಂಗಿನ ಕಂಪನಿಗೆ ಬೈಯುತ್ತಾನೆ. ಹೊಳೆಯುವ ಪಿಸ್ಟನ್ ನೋಡಿ ಶಹಬ್ಬಾಸ್ ಅಂದವನೂ ಇವನೇ.

ನಮ್ಮಪ್ಪ ಪಾಲಿಶ್ ಕಾಗದದಿಂದಲೇ ತಿಕ್ಕತಿದ್ದ ಅನ್ನುವವರಿದ್ದಾರೆ. ನಿಮ್ಮಪ್ಪನ ಕಾಲದ ಎಷ್ಟೋ ಇಂಜಿನಿಗೆ ಬೀಡಿನ ಪಿಸ್ಟನ್ ಇತ್ತು. ಬೀಡು ತಡೆದದ್ದನ್ನ ಅಲ್ಯುಮಿನಿಯಂ ತಡೆಯುವುದಿಲ್ಲ. ಈಗಿನ ಗಾಡಿಗಳ ಪಿಸ್ಟನ್ನಿನ ಕೆಳಮೈಗೆ ಗ್ರಾಫೈಟಿನ ಕರಿ ಲೇಪ ಇರುತ್ತದೆ. ಅದನ್ನು ಮಸಿ ಅಂತ ತಿಳಿದು ತಿಕ್ಕಿ ತೆಗೆದ ಜಾಣರೂ ಇದ್ದಾರೆ. ಮಶೀನಿಗೆ ತಂತಿಯ ಗಾಲಿ ಹಾಕಿ ತಿಕ್ಕುವುದೂ ಇದೇ ಜಾತಿಯ ಕೇಡು. ಅದು ಕಚ್ಚಿನ ಅಂಚು ದುಂಡಗೆ ಮಾಡುತ್ತದೆ, ರಿಂಗು ಬಿಗಿಯಾಗಿ ಕೂಡುವುದಿಲ್ಲ. ಗಾಲಿಯಿಂದ ಕಿತ್ತ ತಂತಿಯ ತುಂಡು ಹುಡುಗನ ಕಣ್ಣಿಗೆ ಹಾರಿದರೆ ಕಣ್ಣು ಹೋಯಿತೆಂದೇ ತಿಳಿಯಿರಿ.

ಮೂರನೇ ಸವಾಲು: ಕಾಸ್ಟಿಕ್ ಸೋಡಾದ ಬಿಸಿ ನೀರಿನಾಗ ಬಿಟ್ಟರೆ ತಿಕ್ಕೋ ತ್ರಾಸೇ ಇಲ್ಲ.

ತ್ರಾಸು ಇಲ್ಲ, ಪಿಸ್ಟನ್ನೂ ಇಲ್ಲ. ಕಾಸ್ಟಿಕ್ ಸೋಡಾ ಕಬ್ಬಿಣಕ್ಕೆ ನಡೆಯುತ್ತದೆ, ಅಲ್ಯುಮಿನಿಯಂ ಅನ್ನು ತಿನ್ನುತ್ತದೆ. ನೀರಿನಲ್ಲಿ ಗುಳ್ಳೆ ಏಳುವುದನ್ನ ನೋಡಿ ಕಿಟ್ಟ ಬಿಡಾಕತ್ತೈತಿ ಅಂತ ಖುಷಿ ಪಡ್ತಾರ. ಆ ಗುಳ್ಳೆ ಹೈಡ್ರೋಜನ್ ಅನಿಲ, ಕಿಡಿ ತಾಗಿದರೆ ಸಿಡಿಯುವಂಥದ್ದು. ಕರಗುತ್ತಿರುವುದು ನಿಮ್ಮ ಪಿಸ್ಟನ್. ಆ ನೀರು ಒಂದು ಹನಿ ಕಣ್ಣಿಗೆ ಬಿದ್ದರೂ ಕಣ್ಣಿನ ಪರದೆ ಸುಡುತ್ತದೆ. ಬಿದ್ದರೆ ಅರಿವೆ ಒತ್ತಿಕೊಂಡು ಕೂಡಬಾರದು. ಆ ಕ್ಷಣವೇ ಹರಿಯುವ ಸ್ವಚ್ಛ ನೀರಿನಲ್ಲಿ ಬಹಳ ಹೊತ್ತು ಕಣ್ಣು ತೊಳೆಯುತ್ತಲೇ ಇದ್ದು, ಆಮೇಲೆ ದವಾಖಾನೆಗೆ ಒಯ್ಯಬೇಕು.

ನಾಲ್ಕನೇ ಸವಾಲು: ನಲವತ್ತು ವರ್ಷದಿಂದ ಹಿಂಗೇ ತೊಳೆದೀವಿ, ಏನಾಗೇತಿ?

ಈ ಸವಾಲಿಗೆ ನನಗೆ ಸಿಟ್ಟು ಬರುತ್ತದೆ. ಏನಾಗೇತಿ ಅಂತ ಯಾರು ಎಣಿಸ್ಯಾರ? 2000 ಇಸವಿಯ ತನಕ ನಮ್ಮ ದೇಶದ ಪೆಟ್ರೋಲಿನಲ್ಲಿ ಸೀಸ ಬೆರೆಸಿ ಮಾರುತ್ತಿದ್ದರು. ಆಗಿನ ಹುಡುಗರು ಅದರಲ್ಲೇ ಕೈ ಅದ್ದಿ ತೊಳೆದರು. ಸೀಸ ಮೈಯೊಳಗೆ ಹೋಗಿ ಎಷ್ಟು ಮಂದಿಯ ನರ, ಎಷ್ಟು ಮಂದಿಯ ಬುದ್ಧಿ ತಿಂದಿತು ಅಂತ ಯಾವ ಗ್ಯಾರೇಜಿನ ವಹಿಯಲ್ಲೂ ಬರೆದಿಟ್ಟಿಲ್ಲ. ಈಗ ಸೀಸ ಹೋಯಿತು, ಆದರೆ ಬೆಂಜೀನ್ ಅನ್ನುವುದು ಪೆಟ್ರೋಲಿನಲ್ಲಿ ಸ್ವಲ್ಪ ಇದ್ದೇ ಇದೆ. ಅದು ರಕ್ತದ ಕ್ಯಾನ್ಸರ್ ತರುವ ವಸ್ತು.

ಕಿಟ್ಟದ ಕಥೆ ಇನ್ನೂ ಹಳೆಯದು. 1775ರಲ್ಲಿ ಲಂಡನ್ನಿನ ಪರ್ಸಿವಲ್ ಪಾಟ್ ಎಂಬ ಶಸ್ತ್ರವೈದ್ಯ ಒಂದು ಮಾತು ಬರೆದಿಟ್ಟ. ಅಲ್ಲಿ ಮನೆಗಳ ಹೊಗೆಗೂಡಿನೊಳಗೆ ಸಣ್ಣ ಹುಡುಗರನ್ನು ಇಳಿಸಿ ಮಸಿ ತೆಗೆಸುತ್ತಿದ್ದರು. ಆ ಹುಡುಗರು ದೊಡ್ಡವರಾದ ಮೇಲೆ ಅವರ ವೃಷಣದ ಚರ್ಮಕ್ಕೆ ಕ್ಯಾನ್ಸರ್ ಆಗುತ್ತಿತ್ತು, ಕಾರಣ ಮಸಿ ಅಂತ ಅವನು ಹೇಳಿದ. ಒಂದು ದುಡಿಮೆಯಿಂದ ಕ್ಯಾನ್ಸರ್ ಬರುತ್ತದೆ ಅಂತ ವೈದ್ಯರು ಗುರುತಿಸಿದ್ದು ಅದೇ ಮೊದಲು. ಅಷ್ಟು ಗೊತ್ತಾದ ಮೇಲೂ ಆ ಪದ್ಧತಿ ಖರೇ ನಿಲ್ಲಿಸುವ ಕಾಯ್ದೆ ಬಂದದ್ದು 1875ರಲ್ಲಿ, ನೂರು ವರ್ಷ ಕಳೆದ ಮೇಲೆ. ನಡುವಿನ ನೂರು ವರ್ಷ ಅಲ್ಲಿನ ಯಜಮಾನರೂ ಏನಾಗೇತಿ ಅಂತಲೇ ಕೇಳಿರಬೇಕು. ಡಿಜೇಲಿನ ಹೊಗೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ 2012ರಲ್ಲಿ ಖಚಿತವಾಗಿ ಹೇಳಿದೆ. ಪಿಸ್ಟನ್ನಿನ ತಲೆಯ ಮೇಲೆ ಹೆಪ್ಪುಗಟ್ಟಿ ಕೂತದ್ದು ಅದೇ ಬೆಂಕಿಯ ಮಸಿ. ಒಣಗಿದ್ದನ್ನ ಕೆರೆದರೆ ಪುಡಿ ಮೂಗಿಗೆ ಹೋಗುತ್ತದೆ, ಬರಿಗೈಯಲ್ಲಿ ತಿಕ್ಕಿದರೆ ಉಗುರಿನ ಸಂದಿಗೆ ಇಳಿಯುತ್ತದೆ. ಅದೇ ಕೈಯಿಂದ ಹುಡುಗ ರೊಟ್ಟಿ ಮುರಿಯುತ್ತಾನೆ.

ನನ್ನ ಕಡೆ ದಪ್ಪು ಬಾರಿಸಲು ಕಲಿಯಲು ಬರುವ ಹುಡುಗರಲ್ಲಿ ಗ್ಯಾರೇಜಿನವರೂ ಇರ್ತಾರ. ಅವರ ಬೆರಳು ನೋಡಿದ ಕೂಡಲೇ ಗೊತ್ತಾಗತೈತಿ. ಪೆಟ್ರೋಲ್ ಚರ್ಮದ ಜಿಡ್ಡನ್ನೆಲ್ಲಾ ಹೀರಿ, ಬ್ಯಾಸಗಿಯ ಎರಿ ಹೊಲದಂಗ ಬೆರಳು ಬಿರುಕು ಬಿಟ್ಟಿರತಾವ. ನಾಕು ಸಲ ಬಾರಿಸುವುದರೊಳಗೆ ಚರ್ಮದ ಮೇಲೆ ರಕ್ತ ಕಾಣತೈತಿ. ತಾಳ ತಪ್ಪುವುದು ಆ ಹುಡುಗನ ತಪ್ಪಲ್ಲ. ಹದಿನೈದು ವರ್ಷಕ್ಕೇ ಮುದುಕನ ಕೈ ಮಾಡಿಟ್ಟವರು ಯಾರು ಅಂತ ಊರು ಕೇಳಬೇಕು.

ಐದನೇ ಸವಾಲು: ಹುಡುಗ ತೊಳೆದೇ ಕೆಲಸ ಕಲಿಯಬೇಕು, ಇಲ್ಲಾಂದ್ರ ಹೆಂಗ ಮೇಸ್ತ್ರಿ ಆಗತಾನ?

ಕಲಿಯಲಿ, ಬೇಡ ಅಂದವರಾರು? ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಸುರು ಮಾಡಿದ ಲಕ್ಷ್ಮಣರಾವ ಕಿರ್ಲೋಸ್ಕರರು 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಅವರ ಮನೆತನದವರು 1946ರಲ್ಲಿ ಪುಣೆಯಲ್ಲಿ ಆಯಿಲ್ ಇಂಜಿನ್ನಿನ ಕಂಪನಿ ತೆಗೆದರು. ಸಣ್ಣ ಅಂಗಡಿಯಿಂದ ದೊಡ್ಡ ವಿದ್ಯೆ ಬರುತ್ತದೆ ಅನ್ನುವುದು ನನಗೂ ಗೊತ್ತು. ಆದರೆ ಹುಡುಗನಿಗೆ ನೀವು ಕಲಿಸುವುದೇನು? ಕಚ್ಚಿನ ಕಿಟ್ಟ ಯಾಕೆ ತೆಗೆಯಬೇಕು ಅಂತ ಹೇಳೀರೇನು? ಕಚ್ಚು ತುಂಬಿದರೆ ರಿಂಗು ಒಳಗೇ ಅಂಟಿ ಕೂಡುತ್ತದೆ, ಹೊರಗೆ ಚಿಮ್ಮಿ ಲೈನರ್ ಒತ್ತುವುದಿಲ್ಲ, ಒತ್ತಡ ಸೋರುತ್ತದೆ, ಇಂಜಿನ್ ಎಣ್ಣೆ ಕುಡಿಯುತ್ತದೆ. ಕೆಳಗಿನ ಕಚ್ಚಿನ ಸಣ್ಣ ತೂತು ಮುಚ್ಚಿದರೆ ಎಣ್ಣೆ ಕೆಳಗೆ ಇಳಿಯದೆ ಮೇಲೇರಿ ಸುಡುತ್ತದೆ. ಇದನ್ನ ಹೇಳದೆ ಬರೇ ತಿಕ್ಕು ಅಂದರೆ ಅದು ವಿದ್ಯೆ ಅಲ್ಲ, ಬಿಟ್ಟಿ ದುಡಿಮೆ.

ಕಾಯ್ದೆಯೂ ಸುಮ್ಮನೆ ಇಲ್ಲ. ಬಾಲಕಾರ್ಮಿಕರ ಕಾಯ್ದೆ 1986ರದ್ದು, 2016ರಲ್ಲಿ ಅದನ್ನು ಬಿಗಿ ಮಾಡಿದ್ದಾರೆ. 14ರೊಳಗಿನ ಮಕ್ಕಳನ್ನು ಗ್ಯಾರೇಜಿಗೆ ಕೂಲಿಗೆ ಇಡುವಂತಿಲ್ಲ. 18 ತುಂಬುವ ತನಕ ಲಗೂ ಹೊತ್ತುವ ವಸ್ತುಗಳ ಅಪಾಯದ ದುಡಿಮೆಗೆ ಹಚ್ಚುವಂತಿಲ್ಲ.

ಇನ್ನು ಕೀಳು ಕೆಲಸ ಅನ್ನುವ ಮಾತು. ನಮ್ಮ ಶರಣರಲ್ಲಿ ಮಡಿವಾಳ ಮಾಚಿದೇವರು ಇದ್ದರು, ವಿಜಾಪುರ ಜಿಲ್ಲೆಯ ದೇವರಹಿಪ್ಪರಗಿಯವರು. ಬಟ್ಟೆ ಒಗೆಯುವುದೇ ಅವರ ಕಾಯಕ, ಕಲ್ಯಾಣದ ಶರಣರೆಲ್ಲಾ ಅವರಿಗೆ ಕೈ ಮುಗಿದರು. ಅವರ ಫೋಟೋಕ್ಕೆ ಮಾಲಿ ಹಾಕುವ ಊರಿನಲ್ಲಿ ತೊಳೆಯುವ ಕೆಲಸ ಕೀಳು ಹೆಂಗಾದೀತು? ಪಿಸ್ಟನ್ ತೊಳೆಯುವಾಗಲೇ ಬಿರುಕು ಕಾಣುವುದು, ಸವೆದ ಕಚ್ಚು ಕಾಣುವುದು. ಡೊಳ್ಳಿನ ಹದ ನೋಡುವವ ಹಾಡುವವನೇ ಆಗಿರಬೇಕು, ಹಂಗೇ ಪಿಸ್ಟನ್ ತೊಳೆಯುವವ ಹಿರಿ ಮೇಸ್ತ್ರಿಯೇ ಆಗಿರಬೇಕು. ಹುಡುಗ ಬಾಜೂಕ ನಿಂತು ನೋಡಲಿ, ವಯಸ್ಸಾದ ಮೇಲೆ ಮಾಡಲಿ.

ಆರನೇ ಸವಾಲು: ಬೈದದ್ದು ಸಾಕು, ಹೆಂಗ ತೊಳೀಬೇಕು ಹೇಳು.

ಹೇಳ್ತೀನಿ. ಇದರಾಗ ದೊಡ್ಡ ಮಶೀನು ಏನೂ ಬೇಡ.

ಮೊದಲು ಯಾವ ಪಿಸ್ಟನ್ ಯಾವ ಸಿಲಿಂಡರಿನದು, ಮುಂದಿನ ಮಗ್ಗಲು ಯಾವುದು ಅಂತ ಬಣ್ಣದ ಪೆನ್ನಿನಿಂದ ಗುರುತು ಹಾಕ್ರಿ. ಪಿನ್ನಿನ ಸ್ಪ್ರಿಂಗ್ ಕ್ಲಿಪ್ ತೆಗೆಯುವಾಗ ಕಣ್ಣಿಗೆ ಚಷ್ಮಾ ಇರಲಿ, ಮೇಲೆ ಅರಿವೆ ಹಿಡೀರಿ, ಅದು ಗುಂಡಿನಂಗ ಹಾರತೈತಿ. ಪಿನ್ನು ಬಿಗಿ ಇದ್ದರೆ ಸುತ್ತಿಗೆ ಎತ್ತಬೇಡಿರಿ. ಪಿಸ್ಟನ್ನಿನ ಮೇಲೆ ಕುದಿಯುವ ನೀರು ಸುರಿಯಿರಿ. ಅಲ್ಯುಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಪಿನ್ನು ತಾನೇ ಸಡಿಲಾಗುತ್ತದೆ.

ರಾತ್ರಿ ಮುಚ್ಚಳ ಇರುವ ಕಬ್ಬಿಣದ ಡಬ್ಬಿಯಲ್ಲಿ ಪಿಸ್ಟನ್ ಮುಳುಗುವಷ್ಟು ಡಿಜೇಲ್ ಇಲ್ಲಾ ಚಿಮಣಿ ಎಣ್ಣೆ ಹಾಕಿ, ಮುಚ್ಚಿ, ನೆರಳಿನಲ್ಲಿ ಇಡಿರಿ. ಬಾಜೂಕ ಒಂದು ಬಕೆಟ್ ಒಣ ಉಸುಕು ಇರಲಿ. ಉರಿಯುವ ಎಣ್ಣೆಗೆ ನೀರು ಹಾಕಿದರೆ ಬೆಂಕಿ ಹರಡುತ್ತದೆ, ಉಸುಕೇ ಮದ್ದು. ಬೆಳಿಗ್ಗೆ ಬಯಲ ಗಾಳಿಯಲ್ಲಿ, ಎಣ್ಣೆ ತಡೆಯುವ ರಬ್ಬರಿನ ಕೈಚೀಲ ಹಾಕಿಕೊಂಡು, ಚಷ್ಮಾ ಹಾಕಿಕೊಂಡು ಕೂಡಿರಿ. ತಲೆಯ ಮೇಲಿನ ಕಿಟ್ಟವನ್ನು ಬಿದಿರಿನ ಚಕ್ಕೆಯಿಂದ ತೆಗೆಯಿರಿ. ಬಿಡದಿದ್ದರೆ ಹಿತ್ತಾಳಿ ಬ್ರಶ್ಶು ಸಾಕು, ಅದೂ ತಲೆಯ ಮೇಲೆ ಮಾತ್ರ. ಮೈಗೆ ಹಲ್ಲುಜ್ಜುವ ಹಳೇ ಬ್ರಶ್ಶೇ ಸರಿ. ಕಚ್ಚಿಗೆ ಆ ಪಿಸ್ಟನ್ನಿನದೇ ಹಳೇ ರಿಂಗಿನ ತುಂಡು ಬಳಸಿರಿ. ತುದಿಯನ್ನು ಚೌಕಾಗಿ ಅರದಿಂದ ತಿದ್ದಿ, ಹಿಡಿಗೆ ಅರಿವೆ ಸುತ್ತಿ, ಕಚ್ಚಿನ ಗುಂಟ ಎಳೆಯಿರಿ. ಕಿಟ್ಟ ಬರುವ ತನಕ ಎಳೆಯಿರಿ, ಬಿಳಿ ಲೋಹ ಕಂಡರೆ ನಿಲ್ಲಿರಿ. ಕುಂಟಿ ಹೊಡೆಯುವವ ಕಳೆ ತೆಗೆಯಬೇಕು, ಬೆಳೆ ತೆಗೆಯಬಾರದು. ಎಣ್ಣೆಯ ತೂತಿಗೆ ಬಿದಿರಿನ ಕಡ್ಡಿ ಹಾಕಿ ಬೆರಳಿನಿಂದ ತಿರುಗಿಸಿರಿ.

ಆಮೇಲೆ ಬಿಸಿ ನೀರಿನಲ್ಲಿ ಪಾತ್ರೆ ತೊಳೆಯುವ ಸಾಬೂನಿನಿಂದ ತೊಳೆಯಿರಿ. ಬಟ್ಟೆ ಸೋಡಾ ಹಾಕಬೇಡಿರಿ, ಅದೂ ಅಲ್ಯುಮಿನಿಯಂ ಕಲೆಗಟ್ಟಿಸುತ್ತದೆ. ಬಿಳಿ ಅರಿವೆಯಿಂದ ಒರೆಸಿ ನೋಡಿರಿ. ಅರಿವೆ ಕರ್ರಗಾದರೆ ಇನ್ನೊಮ್ಮೆ ತೊಳೆಯಿರಿ. ಒಣಗಿದ ಮೇಲೆ ತೆಳ್ಳಗೆ ಇಂಜಿನ್ ಎಣ್ಣೆ ಸವರಿರಿ. ಹೊಸ ರಿಂಗನ್ನು ಕಚ್ಚಿನಲ್ಲಿ ಇಟ್ಟು ಸುತ್ತಲೂ ಉರುಳಿಸಿರಿ, ಎಲ್ಲೂ ಹಿಡಿಯಬಾರದು. ಸಂದಿಗೆ ಫೀಲರ್ ಗೇಜ್ ಹಾಕಿ ಇಂಜಿನ್ನಿನ ಪುಸ್ತಕದಲ್ಲಿ ಹೇಳಿದ ಅಳತಿಗೆ ಹೋಲಿಸಿರಿ. ಕಚ್ಚು ಸವೆದಿದ್ದರೆ ಯಾವ ತೊಳೆತವೂ ಅದನ್ನು ಉಳಿಸುವುದಿಲ್ಲ, ಹೊಸದು ತರಬೇಕು. ತೊಳೆದ ಹೊಲಸು ಎಣ್ಣೆಯನ್ನು ಹಳ್ಳಕ್ಕೆ, ಬಾವಿಯ ದಂಡಿಗೆ ಚೆಲ್ಲಬೇಡಿರಿ. ಎತ್ತಿನ ಗಾಯಕ್ಕೆ ಹಚ್ಚುವವರೂ ಇದ್ದಾರೆ, ಅದನ್ನೂ ಬಿಡಿರಿ. ಡಬ್ಬಿಯಲ್ಲಿ ಕೂಡಿಸಿ ಪರವಾನಗಿ ಇರುವ ಹಳೇ ಎಣ್ಣೆಯವರಿಗೆ ಕೊಡಿರಿ.

ಇಷ್ಟಕ್ಕೆ ಎಷ್ಟು ಖರ್ಚು? ಒಂದು ಜೋಡಿ ಕೈಚೀಲ, ಒಂದು ಚಷ್ಮಾ, ಒಂದಿಷ್ಟು ಡಿಜೇಲ್, ಒಂದು ಸಾಬೂನು. ನಿಜವಾದ ಬೆಲೆ ಒಂದು ರಾತ್ರಿಯ ಸಮಾಧಾನ. ಅದು ರೈತನ ಕೈಯಲ್ಲಿದೆ. ರೈತ ಬಾಂಧವರೇ, ಮೇಸ್ತ್ರಿಯನ್ನು ಬೈಯುವ ಮೊದಲು ಇದನ್ನ ಕೇಳ್ರಿ. ಸಂಜಿತನಕ ಬೇಕು ಅಂತ ನೀವು ಕುಂತರೆ ಅವನು ಪೆಟ್ರೋಲೇ ಹಿಡಿಯುತ್ತಾನೆ. ನಾಳೆ ಮಧ್ಯಾಹ್ನ ಒಯ್ಯತೀನಿ, ನೆನೆಸಿ ತೊಳಿ, ಅದರ ಕೂಲಿ ಬೇರೆ ಕೊಡ್ತೀನಿ ಅನ್ನಿರಿ. ಬಿತ್ತಿದ ಜೋಳಕ್ಕೆ ನಾಕು ತಿಂಗಳು ಕಾಯುವವರು ಒಂದು ಪಿಸ್ಟನ್ನಿಗೆ ಒಂದು ರಾತ್ರಿ ಕಾಯಬಾರದೇನು?

ರೂಢಿ ಬದಲಾಗೂದಿಲ್ಲ ಅಂತ ಹೇಳಬೇಡಿರಿ. ಕಿರ್ಲೋಸ್ಕರರು ಕಬ್ಬಿಣದ ನೇಗಿಲು ಮಾಡಿದಾಗ ಕಬ್ಬಿಣ ತಾಗಿದರೆ ಭೂಮಿಗೆ ವಿಷ ಆಗತೈತಿ ಅಂತ ರೈತರು ಮುಟ್ಟಲಿಲ್ಲವಂತೆ. ಇವತ್ತು ಕಟ್ಟಿಗೆ ನೇಗಿಲು ಯಾರ ಹೊಲದಾಗ ಐತಿ ತೋರಿಸ್ರಿ. ಆಗ ವಿಷ ಇಲ್ಲದ ಕಡೆ ವಿಷ ಕಂಡರು. ಈಗ ಖರೇ ವಿಷ ಮಕ್ಕಳ ಕೈಯೊಳಗೆ ಕೊಟ್ಟು ಸುಮ್ಮನೆ ಕುಂತಾರ.

ವಾಚನಾಲಯದವರಿಗೂ ಒಂದು ಕೆಲಸ ಹೇಳ್ತೀನಿ. ನಮ್ಮೂರು ಮಹಾರಾಷ್ಟ್ರದಾಗ ಐತಿ, ಮನಿ ಮಾತು ಕನ್ನಡ. ಡಬ್ಬಿಯ ಮೇಲಿನ ಎಚ್ಚರಿಕೆ ಇಂಗ್ಲಿಷಿನಾಗ ಬರೆದಿರತೈತಿ, ಗ್ಯಾರೇಜಿನ ಹುಡುಗ ಅದನ್ನ ಓದೂದಿಲ್ಲ. ಮೇಲೆ ಹೇಳಿದ ರೀತಿಯನ್ನು ಒಂದು ದೊಡ್ಡ ಹಾಳೆಯ ಮೇಲೆ ದಪ್ಪ ಅಕ್ಷರದಾಗ, ಒಂದು ಮಗ್ಗಲು ಕನ್ನಡ, ಇನ್ನೊಂದು ಮಗ್ಗಲು ಮರಾಠಿ ಬರೆಸಿರಿ. ಊರಿನ ಎಲ್ಲಾ ಗ್ಯಾರೇಜಿಗೂ ಒಂದೊಂದು ಅಂಟಿಸೋಣ. ಬರೆಯುವವರು ಬರೆಯಿರಿ, ಅಂಟು ಕಲಸಿಕೊಂಡು ನಾನು ಬರ್ತೀನಿ. ಯಾವ ಗ್ಯಾರೇಜಿನವ ಹಾಳೆ ಹಚ್ಚಗೊಡುವುದಿಲ್ಲವೋ, ಅವನ ಬಾಗಿಲಿಗೆ ನಮ್ಮ ಇಂಜಿನ್ ಒಯ್ಯುವುದು ಬೇಡ.